ನಮ್ಮ ಕಡೆ ಶಾಲೆಗಳಿಗೆ ವಿಕಲಚೇತನ ಮಕ್ಕಳು ಬರಲು ಶುರುವಾದದ್ದು ಯಾವಾಗ?

ಗಂಗಾವತಿಯ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮಗನಿಗೆ ಏಳು ವರ್ಷ. ಸೆರೆಬ್ರಲ್ ಪಾಲ್ಸಿ ಇದೆ. ಆಸರೆ ಕೊಟ್ಟರೆ ಕೂರುತ್ತಾನೆ, ನಡೆಯಲು ಆಗುವುದಿಲ್ಲ. ಮಾತು ತೊದಲು, ಆದರೆ ಮನೆಯವರಿಗೆಲ್ಲ ಅರ್ಥವಾಗುತ್ತದೆ. ಸಂತೆಯಿಂದ ಕಾಯಿಪಲ್ಯೆ ತಂದರೆ ಎಷ್ಟು ಚಿಲ್ಲರೆ ವಾಪಸ್ ಬರಬೇಕಿತ್ತು ಅಂತ ನನಗಿಂತ ಮೊದಲು ಹೇಳುತ್ತಾನೆ.

ಹೋದ ವಾರ ಮನೆ ಹತ್ತಿರದ ಒಂದು ಶಾಲೆಗೆ ಸೇರಿಸಲು ಹೋಗಿದ್ದೆ. ಹೆಸರು ಬೇಡ. ಅವರೇನೂ ಬೈಯಲಿಲ್ಲ. ಕೂರಿಸಿ ಚಹಾ ಕೊಟ್ಟರು. ಆಮೇಲೆ, "ಹೆಸರು ಬರೆದುಕೊಳ್ಳುತ್ತೇವಮ್ಮ, ಹಾಜರಿ ನಾವು ನೋಡಿಕೊಳ್ಳುತ್ತೇವೆ, ಮಗುವನ್ನು ನೀವು ಮನೆಯಲ್ಲೇ ಇಟ್ಟುಕೊಳ್ಳಿ" ಅಂದರು.

ಮನೆಗೆ ಬಂದು ಮಾವನವರಿಗೆ ಹೇಳಿದರೆ, "ನಮ್ಮ ಕಾಲದಾಗ ಕಣ್ಣು ಕಾಣದ ಹುಡುಗ ನಮ್ಮ ಸಂಗಡಾನೇ ಕುಂತು ಓದ್ತಿದ್ದ, ಈಗೇನು ಇದು ಹೊಸಾದು" ಅಂತಾರೆ. ಹಾಗಾದರೆ ಮೊದಲು ಸೇರಿಸಿಕೊಳ್ಳುತ್ತಿದ್ದರು, ಈಗ ನಿಲ್ಲಿಸಿದ್ದಾರಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ನಿವೃತ್ತ ಮಾಸ್ತರ್, ಮಾನ್ವಿ

ತಂಗೀ, ನಿಮ್ಮ ಮಾವನವರು ಹೇಳಿದ್ದು ನಿಜ. ಅರ್ಧ ನಿಜ.

ನಾನು ಕೆಲಸಕ್ಕೆ ಸೇರಿದ್ದು 1981ರಲ್ಲಿ. ಏಕೋಪಾಧ್ಯಾಯ ಶಾಲೆ. ಒಂದೇ ಕೋಣೆ, ನಾಲ್ಕು ತರಗತಿ. ನಮ್ಮಲ್ಲೂ ಕಣ್ಣು ಕಾಣದ ಒಬ್ಬ ಹುಡುಗ ಬರುತ್ತಿದ್ದ. ಅಕ್ಕನ ಕೈ ಹಿಡಿದು ಬಂದು ಅವಳ ಪಕ್ಕದಲ್ಲೇ ಕೂರುತ್ತಿದ್ದ. ಮಗ್ಗಿ, ವಚನ, ಪದ್ಯ ಎಲ್ಲ ಬಾಯಿಪಾಠ. ನಾನು ಪದ್ಯದ ಸಾಲು ಮರೆತರೆ ಅವನೇ ಎತ್ತಿಕೊಡುತ್ತಿದ್ದ. ಎಷ್ಟೋ ದಿನ ಅವನ ಹೆಸರು ದಾಖಲಾತಿ ಪುಸ್ತಕದಲ್ಲೇ ಇರಲಿಲ್ಲ. ನಾಲ್ಕನೇ ತರಗತಿ ಮುಗಿಯಿತು. ಐದಕ್ಕೆ ಪಕ್ಕದ ಊರು, ಅಲ್ಲಿ ಬರೆಯುವ ಪರೀಕ್ಷೆ. ಅಲ್ಲಿಗೆ ಅವನ ಓದು ನಿಂತಿತು. ಹಳೆಯ ಕಾಲ ಚೆನ್ನಾಗಿತ್ತು ಅನ್ನುವವರು ಇಂಥ ಹುಡುಗನನ್ನು ನೆನೆಯುತ್ತಾರೆ. ಐದನೇ ತರಗತಿಯಲ್ಲಿ ಅವನು ಎಲ್ಲಿದ್ದ ಅಂತ ಕೇಳುವುದಿಲ್ಲ.

ಕಣ್ಣು ಕಾಣದವರು ಬೆರಳಲ್ಲಿ ಮುಟ್ಟಿ ಓದಲು ಭಾರತದ ಭಾಷೆಗಳಿಗೆಲ್ಲ ಒಂದೇ ಚುಕ್ಕಿ ಪದ್ಧತಿ ಇರಲಿ ಅಂತ ಭಾರತೀ ಬ್ರೈಲ್ 1951ರಲ್ಲೇ ಬಂದಿತ್ತು. ಕನ್ನಡದ 'ಕ'ಗೂ ಹಿಂದಿಯ 'ಕ'ಗೂ ಅವೇ ಎರಡು ಚುಕ್ಕಿ. ಅದು ಬಂದು 30 ವರ್ಷವಾಗಿದ್ದರೂ ನನಗೆ ಅದರ ಹೆಸರೂ ಗೊತ್ತಿರಲಿಲ್ಲ. ಟಿ.ಸಿ.ಎಚ್. ಶಿಕ್ಷಕರ ತರಬೇತಿ ಓದುವಾಗ ಯಾರೂ ಹೇಳಿರಲಿಲ್ಲ.

ಆಗಿನ ಲೆಕ್ಕ ಹೀಗಿತ್ತು: ಇಂಥ ಮಕ್ಕಳಿಗೆ ಬೇರೆ ಶಾಲೆ. ಮೈಸೂರಲ್ಲಿ ಕುರುಡು ಮತ್ತು ಕಿವುಡು ಮಕ್ಕಳ ಶಾಲೆ 1901ರಲ್ಲೇ ಶುರುವಾಗಿತ್ತು. ಆದರೆ ಆ ಮೈಸೂರು ನಮ್ಮದಾಗಿರಲಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸಿನ ಕೈಯಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನ ಕಡೆ. ನಮ್ಮವರಿಗೆ ಗೊತ್ತಿದ್ದ ಜಾಗ ಅಂದರೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು. ಇಬ್ಬರಿಗೂ ಕಣ್ಣಿರಲಿಲ್ಲ. ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಅದು ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಕಣ್ಣಿಲ್ಲದ ಹುಡುಗ ಅಂದರೆ ಹಾರ್ಮೋನಿಯಂ ಅಂತ ನಮ್ಮ ಊರುಗಳ ತಲೆಯಲ್ಲಿ ಕೂತುಬಿಟ್ಟಿತು. ಅವನಿಗೆ ಲೆಕ್ಕ ಇಷ್ಟ ಇದ್ದರೆ?

ಕಾಗದದ ಮೇಲೆ ಮಾತ್ರ ಬೇರೆ ವಿಚಾರ ಮೊದಲೇ ಬಂದಿತ್ತು. 1944ರ ಸಾರ್ಜೆಂಟ್ ವರದಿ ಈ ಮಕ್ಕಳ ಓದೂ ದೇಶದ ಶಿಕ್ಷಣ ವ್ಯವಸ್ಥೆಯ ಭಾಗವಾಗಿರಲಿ ಅಂತ ಹೇಳಿತ್ತು. 1966ರಲ್ಲಿ ಕೊಠಾರಿ ಆಯೋಗದ ವರದಿ, ಆದಷ್ಟೂ ಸಾಮಾನ್ಯ ಶಾಲೆಯಲ್ಲೇ ಕೂರಿಸಿ ಅಂತು. 1974ರಲ್ಲಿ ಕೇಂದ್ರ ಸರ್ಕಾರ ಅದಕ್ಕೊಂದು ಯೋಜನೆ ತಂದಿತು. ಅಂಗವಿಕಲ ಮಕ್ಕಳ ಸಂಯೋಜಿತ ಶಿಕ್ಷಣ ಅಂತ ಕರೆಯುತ್ತಿದ್ದರು, ಐ.ಇ.ಡಿ.ಸಿ. ಅದನ್ನು ತಂದದ್ದು ಶಿಕ್ಷಣ ಇಲಾಖೆ ಅಲ್ಲ, ಸಮಾಜ ಕಲ್ಯಾಣ ಇಲಾಖೆ. 1982ರಲ್ಲಿ ಶಿಕ್ಷಣದವರಿಗೆ ಹೋಯಿತು. ಎಂಟು ವರ್ಷ ಈ ಮಕ್ಕಳು ಶಾಲೆಯ ಲೆಕ್ಕಕ್ಕೇ ಬಂದಿರಲಿಲ್ಲ, ಕಲ್ಯಾಣದ ಲೆಕ್ಕದಲ್ಲಿದ್ದರು. ಕೆಲವು ಶಾಲೆಗಳು ಇವತ್ತೂ ಅದೇ ಲೆಕ್ಕದಲ್ಲಿವೆ ಅನ್ನಿಸುತ್ತದೆ.

ಬಿಸಿಲೂರಿನವ, ಬಳ್ಳಾರಿ

ಮಾಸ್ತರ್, ಆ ಯೋಜನೆಯಲ್ಲಿ ದುಡ್ಡು ಎಷ್ಟಿತ್ತು ನೆನಪಿದೆಯಾ? ಸುಮ್ನೆ ಅಲ್ಲ, ಕಾರಣ ಇದೆ. ಆಮೇಲೆ ಹೇಳುತ್ತೇನೆ.

ನಿವೃತ್ತ ಮಾಸ್ತರ್, ಮಾನ್ವಿ

ತೊಂಬತ್ತರ ದಶಕದ ಲೆಕ್ಕ ನೆನಪಿದೆ. ಪುಸ್ತಕಕ್ಕೆ ವರ್ಷಕ್ಕೆ 400 ರೂಪಾಯಿ ತನಕ, ಬಟ್ಟೆಗೆ 200. ಓಡಾಟಕ್ಕೆ ತಿಂಗಳಿಗೆ 50. ಕಾಲಿಗೆ ತೀರಾ ತೊಂದರೆ ಇದ್ದ ಮಗುವನ್ನು ಕರೆತರುವವರಿಗೆ ತಿಂಗಳಿಗೆ 75. ಎಂಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಅಂತಲೂ ಇತ್ತು. ನನ್ನ ಶಾಲೆಗೆ ಯಾರೂ ಬರಲಿಲ್ಲ.

ಬಿಸಿಲೂರಿನವ, ಬಳ್ಳಾರಿ

75 ರೂಪಾಯಿ. ಸರಿ.

ನಾನು 1979ರಲ್ಲಿ ಹುಟ್ಟಿದವ. ಒಂದೂವರೆ ವರ್ಷಕ್ಕೆ ಜ್ವರ ಬಂತು, ಎರಡೂ ಕಾಲು ಹೋದವು. ಪೋಲಿಯೊ. ನಮ್ಮ ಓಣಿಯಲ್ಲೇ ನನ್ನಂಥವರು ಇನ್ನೂ ಇಬ್ಬರಿದ್ದರು.

ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಒಯ್ಯುತ್ತಿದ್ದ. ಹೆಡ್‌ಮೇಷ್ಟ್ರು ಒಳ್ಳೆಯವರು, ಬೇಡ ಅನ್ನಲಿಲ್ಲ. ಒಂದೇ ಷರತ್ತು: "ಒಂದಕ್ಕೆ, ಎರಡಕ್ಕೆ ಯಾರು ಕರೆದೊಯ್ಯುತ್ತಾರೆ? ನಿಮ್ಮಣ್ಣ ನಿನ್ನ ಕೋಣೆಯಲ್ಲೇ ಕೂರಲಿ." ನಾನು ಒಂದನೇ ತರಗತಿ, ಅವನು ನಾಲ್ಕನೇದು. ಅವನು ಒಂದನೇ ತರಗತಿಯ ಕೋಣೆಯಲ್ಲಿ ಹಿಂದೆ ಕೂತು ತನ್ನ ಪುಸ್ತಕ ತಾನೇ ಓದಿಕೊಳ್ಳುತ್ತಿದ್ದ. ಆ ವರ್ಷ ಅವನು ಫೇಲಾದ. ಎಲ್ಲರೂ ದಡ್ಡ ಅಂದರು.

ಹೈಸ್ಕೂಲಿನಲ್ಲಿ ನಮ್ಮ ತರಗತಿ ಮಹಡಿ ಮೇಲೆ. 22 ಮೆಟ್ಟಿಲು. ಅಷ್ಟೊತ್ತಿಗೆ ಅಣ್ಣ ಓದು ಬಿಟ್ಟು ಗ್ಯಾರೇಜ್ ಸೇರಿದ್ದ. ಬೆಳಿಗ್ಗೆ ಬಂದು ಮೇಲೆ ಹತ್ತಿಸುತ್ತಿದ್ದ, ಸಂಜೆ ಬಂದು ಇಳಿಸುತ್ತಿದ್ದ. ನಡುವೆ ಮೂತ್ರ ಬರಬಾರದು ಅಂತ ನಾನು ನೀರು ಕುಡಿಯುತ್ತಿರಲಿಲ್ಲ. ಬಳ್ಳಾರಿ ಬಿಸಿಲಲ್ಲಿ, ಏಪ್ರಿಲ್ ತಿಂಗಳಲ್ಲಿ, ಕಾಲಿಗೆ ಆಸರೆಯ ಕಬ್ಬಿಣ ಮತ್ತು ಚರ್ಮದ ಕ್ಯಾಲಿಪರ್ ಕಟ್ಟಿಕೊಂಡು. ಕ್ಯಾಲಿಪರ್ ಹಾಕಿದವರಿಗೆ ಗೊತ್ತು ಅದು ಎಷ್ಟು ಕಾಯುತ್ತದೆ ಅಂತ.

ಕೆಳಗೆ ಖಾಲಿ ಕೋಣೆಗಳಿದ್ದವು. ನಮ್ಮ ತರಗತಿಯನ್ನು ಕೆಳಗೆ ತಂದರೆ ಸಾಕಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ. ಸೇರಿಸಿಕೊಂಡಿದ್ದೇ ದೊಡ್ಡದು ಅಂತ ಅಪ್ಪ ವರ್ಷಕ್ಕೊಮ್ಮೆ ಅವರ ಮನೆಗೆ ಅಕ್ಕಿ ಕಳಿಸುತ್ತಿದ್ದರು.

ಈಗ ನಾನು ಬ್ಯಾಂಕಿನಲ್ಲಿದ್ದೇನೆ. ಅಣ್ಣನಿಗೆ ಇನ್ನೂ ಬೆನ್ನು ನೋವು. ಕರೆತರುವವರಿಗೆ ತಿಂಗಳಿಗೆ 75 ಅಂತ ಇತ್ತಲ್ಲ, ಅದನ್ನು ಅವನಿಗೆ ಹೇಳಬೇಕೋ ಬೇಡವೋ ಯೋಚಿಸುತ್ತಿದ್ದೇನೆ.

ಗಂಗಾವತಿಯ ಅಮ್ಮ

ಅಣ್ಣಾ, ಓದಿ ಕಣ್ಣಲ್ಲಿ ನೀರು ಬಂತು. ನನ್ನ ಮಗಳು ನಾಲ್ಕನೇ ತರಗತಿ. "ನಾನು ತಮ್ಮನ್ನ ನೋಡಿಕೊಳ್ತೀನಮ್ಮ" ಅಂತ ದಿನಾ ಹೇಳುತ್ತಾಳೆ. ಇನ್ನು ಮೇಲೆ ಹಾಗೆ ಹೇಳಬೇಡ ಅನ್ನುತ್ತೇನೆ.

ಸುಮ್ನೆ ಕೇಳ್ತೀನಿ, ರಾಯಚೂರು

ಎಲ್ಲರೂ ಬೈದರೂ ಪರವಾಗಿಲ್ಲ, ಕೇಳುತ್ತೇನೆ. ನಾನೂ ಶಿಕ್ಷಕ. ನನ್ನ ತರಗತಿಯಲ್ಲಿ 47 ಮಕ್ಕಳು. ಹತ್ತಿ ಬಿಡಿಸುವ ಕಾಲಕ್ಕೆ 30 ಆಗುತ್ತಾರೆ, ಗುಳೆ ಹೋದರೆ 25. ತಿರುಗಿ ಬಂದಾಗ ಎಲ್ಲ ಮೊದಲಿನಿಂದ. ನಡುವೆ ಗಣತಿ, ಚುನಾವಣೆ, ಮೊಟ್ಟೆ ಲೆಕ್ಕ, ಆ್ಯಪ್‌ನಲ್ಲಿ ಫೋಟೊ. ಇದರ ಜೊತೆಗೆ ಒಂದು ಬುದ್ಧಿಮಾಂದ್ಯ ಮಗುವನ್ನು ಕೂರಿಸಿ "ಸಮನ್ವಯ ಶಿಕ್ಷಣ ಮಾಡಿ" ಅಂದರೆ ಹೇಗೆ? ಆ ಮಗುವಿಗೂ ನ್ಯಾಯ ಇಲ್ಲ, ಉಳಿದ 46 ಮಕ್ಕಳಿಗೂ ಇಲ್ಲ. ಅದಕ್ಕಂತಲೇ ತರಬೇತಿ ಪಡೆದವರ ಶಾಲೆಗೆ ಹೋದರೆ ತಪ್ಪೇನು? ಐದು ದಿನದ ತರಬೇತಿಗೆ ಹೋಗಿದ್ದೆ. ಅದರಲ್ಲಿ ಒಂದೂವರೆ ದಿನ ಉದ್ಘಾಟನೆ, ಸಮಾರೋಪ.

ಲಾ ಓದಿದವಳು, ಸಿಂಧನೂರು

ಸರ್, ನಿಮ್ಮ ಕಷ್ಟ ಸುಳ್ಳಲ್ಲ. ಆದರೆ ಅದನ್ನು ಮಗುವಿನ ಮೇಲೆ ಹಾಕುವಂತಿಲ್ಲ. ಕಾನೂನು ಇಲ್ಲಿಗೆ ಬರಲು ತುಂಬಾ ಸುತ್ತು ಹೊಡೆದಿದೆ. ಆ ದಾರಿ ನೋಡಿದರೆ ಗಂಗಾವತಿಯ ಅಕ್ಕನಿಗೂ ಉತ್ತರ ಸಿಗುತ್ತದೆ.

1986ರ ಶಿಕ್ಷಣ ನೀತಿ ಏನು ಹೇಳಿತ್ತು ಗೊತ್ತಾ? ಕೈಕಾಲಿನ ತೊಂದರೆ ಇರುವವರು, ಉಳಿದಂತೆ ಸ್ವಲ್ಪ ತೊಂದರೆ ಇರುವವರು, 'ಸಾಧ್ಯವಾದ ಕಡೆ' ಎಲ್ಲರ ಜೊತೆ ಓದಲಿ ಅಂತ. ತೀವ್ರ ತೊಂದರೆ ಇದ್ದವರಿಗೆ ಜಿಲ್ಲಾ ಕೇಂದ್ರದಲ್ಲಿ ವಿಶೇಷ ಶಾಲೆ. ಅಂದರೆ ನಡೆದುಕೊಂಡು ಬಂದು, ಕೂತು, ಬರೆಯಬಲ್ಲ ಮಗುವಿಗೆ ಬಾಗಿಲು ತೆರೆದಿತ್ತು. ಶಾಲೆ ಹೇಗಿದೆಯೋ ಹಾಗೇ ಇರುತ್ತದೆ, ಮಗು ಹೊಂದಿಕೊಳ್ಳಬೇಕು. ಬಳ್ಳಾರಿ ಅಣ್ಣನ 22 ಮೆಟ್ಟಿಲು ಅದೇ.

1994ರ ಜೂನ್‌ನಲ್ಲಿ ಸ್ಪೇನ್ ದೇಶದ ಸಲಮಾಂಕಾ ಊರಿನಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿದರು. ಯುನೆಸ್ಕೊ ಸಭೆ. ಅಲ್ಲಿ ಮಾತು ತಿರುವುಮುರುವಾಯಿತು. ಬದಲಾಗಬೇಕಾದದ್ದು ಶಾಲೆ ಅಂದರು. ಇಟಲಿ ಅದಕ್ಕೂ ಮೊದಲೇ, 1977ರಲ್ಲೇ, ಕಾನೂನು ಮಾಡಿ ವಿಶೇಷ ಮಕ್ಕಳನ್ನು ಸಾಮಾನ್ಯ ತರಗತಿಗೆ ತಂದಿತ್ತು. ಜೊತೆಗೆ ತರಗತಿಗೆ ಇನ್ನೊಬ್ಬ ಶಿಕ್ಷಕರನ್ನೂ ಕೊಟ್ಟಿತು. ರಾಯಚೂರು ಸರ್ ಗಮನಿಸಬೇಕು.

ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೆ. ಏಳು ಬಗೆಯ ಅಂಗವೈಕಲ್ಯ, 18 ವರ್ಷದ ತನಕ ಉಚಿತ ಶಿಕ್ಷಣ. ಆಟಿಸಂ ಆ ಏಳರಲ್ಲಿ ಇರಲಿಲ್ಲ. 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ, ಆರ್.ಟಿ.ಇ. ಬಂತು, 18 ವರ್ಷದ ತನಕ ಎಲ್ಲರಿಗೂ ಕಡ್ಡಾಯ ಶಿಕ್ಷಣ.

ನಿವೃತ್ತ ಮಾಸ್ತರ್, ಮಾನ್ವಿ

ಒಂದು ತಿದ್ದುಪಡಿ ತಾಯೀ. ಆರ್.ಟಿ.ಇ. 6ರಿಂದ 14.

ಲಾ ಓದಿದವಳು, ಸಿಂಧನೂರು

ಹೌದು ಸರ್, ಕೈ ತಪ್ಪಿತು. ಆರ್.ಟಿ.ಇ. 6ರಿಂದ 14. ವಿಕಲಚೇತನ ಮಕ್ಕಳಿಗೆ ಮಾತ್ರ 18ರ ತನಕ. ಅದು ಬೇರೆ ಕಾಯ್ದೆಯಿಂದ. ಲಾ ಓದಿದವಳು ಅಂತ ಹೆಸರಿಟ್ಟುಕೊಂಡು ಮಾನ ಹೋಯಿತು.

ಮುಖ್ಯ ವಿಷಯಕ್ಕೆ ಬರುತ್ತೇನೆ. 2012ರಲ್ಲಿ ಆರ್.ಟಿ.ಇ.ಗೆ ತಿದ್ದುಪಡಿ ಆಯಿತು. ತೀವ್ರ ತೊಂದರೆ ಅಥವಾ ಬಹುವಿಧ ತೊಂದರೆ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದು ಅಂತ ಸೇರಿಸಿದರು. ಗೃಹಾಧಾರಿತ ಶಿಕ್ಷಣ ಅನ್ನುತ್ತಾರಲ್ಲ, ಅದು. ಅಕ್ಕಾ, ಅದರಲ್ಲಿ 'ಆರಿಸಿಕೊಳ್ಳಬಹುದು' ಅನ್ನುವ ಪದ ನೋಡಿ. ಆರಿಸುವವರು ನೀವು ಮತ್ತು ನಿಮ್ಮ ಮಗ. ಶಾಲೆಯವರು ಚಹಾ ಕೊಟ್ಟು ಆರಿಸಿ ಕಳಿಸುವ ಹಾಗಿಲ್ಲ. ಮನೆಯಲ್ಲೇ ಅಂತ ಆದರೂ ಕಲಿಸಲು ಶಿಕ್ಷಕರು ಮನೆಗೆ ಬರಬೇಕು. ಖಾಲಿ ಹಾಜರಿ ಹಾಕುವುದಕ್ಕೆ ಗೃಹಾಧಾರಿತ ಶಿಕ್ಷಣ ಅಂತ ಹೆಸರಿಲ್ಲ. ಸುಳ್ಳು ಲೆಕ್ಕ ಅಂತ ಹೆಸರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಗಟ್ಟಿ. ಏಳು ಇದ್ದದ್ದು 21 ಬಗೆ ಆಯಿತು. ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ 40 ಶೇಕಡಾ ಅಥವಾ ಜಾಸ್ತಿ ಇದ್ದರೆ, 6ರಿಂದ 18 ವರ್ಷದ ಮಗು ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ತನ್ನ ಇಷ್ಟದ ಪ್ರಕಾರ ಉಚಿತವಾಗಿ ಓದಬಹುದು. 31ನೇ ಕಲಂ. ಕಾಗದದಲ್ಲಿ ಬರೆದುಕೊಂಡು ಹೋಗಿ.

ರಾಯಚೂರು ಸರ್‌ಗೆ ಇನ್ನೊಂದು. ವಿಶೇಷ ಶಿಕ್ಷಕರು ಎಷ್ಟಿರಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು. ನೀವು ಹೇಳಬೇಕಾದದ್ದು "ಆ ಮಗು ಬೇಡ" ಅಂತ ಅಲ್ಲ ಸರ್, "ಆ ಶಿಕ್ಷಕರು ಎಲ್ಲಿ" ಅಂತ.

ಸುಮ್ನೆ ಕೇಳ್ತೀನಿ, ರಾಯಚೂರು

ಕೇಳಿದ್ದೇನೆ ಮೇಡಂ. ನಮ್ಮ ಇಡೀ ತಾಲೂಕಿಗೆ ಇರುವವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದು.

ಊರೂರು ತಿರುಗುವ ಟೀಚರ್, ಕುಷ್ಟಗಿ ಕಡೆ

ಆ ಬೆರಳುಗಳಲ್ಲಿ ನಾನೂ ಒಂದು ಸರ್. ಬಿ.ಐ.ಇ.ಆರ್.ಟಿ., ಅಂದರೆ ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಿಂದ (ಬಿ.ಆರ್.ಸಿ.) ಶಾಲೆ ಶಾಲೆಗೆ ಹೋಗುವ ವಿಶೇಷ ಮಕ್ಕಳ ಶಿಕ್ಷಕಿ. ಎಲ್ಲರೂ "ಬಿ.ಆರ್.ಸಿ. ಮೇಡಂ" ಅನ್ನುತ್ತಾರೆ, ಅಂಗನವಾಡಿ ಅನ್ನುವವರೂ ಇದ್ದಾರೆ. ಇರಲಿ.

ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಯ ಕಥೆ ಸ್ವಲ್ಪ ಹೇಳಬೇಕು. ವಿದೇಶದ ಸಭೆ ಓದಿದರೆ ಹೊಟ್ಟೆ ತುಂಬುವುದಿಲ್ಲ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ, ಡಿ.ಪಿ.ಇ.ಪಿ. ಅಂತ 1994ರಲ್ಲಿ ಬಂತು. ಹೆಣ್ಣುಮಕ್ಕಳ ಓದು ಕಡಿಮೆ ಇದ್ದ ಜಿಲ್ಲೆಗಳಿಗೆ ಮೊದಲು. ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆರಿಸಿದ್ದು ನಾಲ್ಕೇ ಜಿಲ್ಲೆ: ಬೆಳಗಾವಿ, ಕೋಲಾರ, ಮಂಡ್ಯ ಮತ್ತು ನಮ್ಮ ರಾಯಚೂರು. ಆಗ ಕೊಪ್ಪಳ ಇನ್ನೂ ಜಿಲ್ಲೆ ಆಗಿರಲಿಲ್ಲ, ಗಂಗಾವತಿ, ಕುಷ್ಟಗಿ ಎಲ್ಲ ರಾಯಚೂರಿನಲ್ಲೇ ಇದ್ದವು. ಎರಡನೇ ಹಂತದಲ್ಲಿ ಬಳ್ಳಾರಿ ಬಂತು. 1997ರ ಹೊತ್ತಿಗೆ ಆ ಯೋಜನೆಗೆ ವಿಕಲಚೇತನ ಮಕ್ಕಳನ್ನೂ ಸೇರಿಸಿದರು. ಹಿಂದುಳಿದವರು ಅಂತ ನಮ್ಮನ್ನು ಆಡಿಕೊಳ್ಳುತ್ತಾರಲ್ಲ, ಆ ಕಾರಣಕ್ಕೇ ಈ ಕೆಲಸ ನಮ್ಮ ಕಡೆ ಮೊದಲು ಬಂತು.

ಆಮೇಲೆ ಸರ್ವ ಶಿಕ್ಷಣ ಅಭಿಯಾನ. ಯಾವ ಮಗುವನ್ನೂ ವಾಪಸ್ ಕಳಿಸುವಂತಿಲ್ಲ ಅನ್ನುವುದು ಅದರ ನಿಯಮ. ಒಂದು ಮಗುವಿಗೆ ವರ್ಷಕ್ಕೆ 1200 ರೂಪಾಯಿ ಅಂತ ಶುರುವಾಗಿ 3000 ಆಯಿತು, ಈಗ ಅದರ ಜಾಗಕ್ಕೆ ಬಂದ ಸಮಗ್ರ ಶಿಕ್ಷಣದಲ್ಲಿ 3500. ಹೆಣ್ಣುಮಕ್ಕಳಿಗೆ ಬೇರೆಯಾಗಿ ತಿಂಗಳಿಗೆ 200, ಹತ್ತು ತಿಂಗಳು.

2002ರಲ್ಲಿ ಬಿಸಿಯೂಟ ಬಂತು. ಅದೂ ಮೊದಲು ನಮ್ಮ ಈ ಕಡೆಯ ಜಿಲ್ಲೆಗಳಿಗೇ. ಯಾವ ಸುತ್ತೋಲೆಯೂ ಕರೆತರದ ಮಕ್ಕಳನ್ನು ಅನ್ನ ಸಾಂಬಾರು ಕರೆತಂದಿತು. ಅವ್ವ ಕೂಲಿಗೆ ಹೋದರೆ ಮಧ್ಯಾಹ್ನ ಮಗುವಿಗೆ ಉಣಿಸುವವರು ಯಾರು? ಶಾಲೆಗೆ ಬಿಟ್ಟು ಹೋಗುತ್ತಿದ್ದರು. ಊಟಕ್ಕೆ ಬಂದು ಅಕ್ಷರ ಕಲಿತ ಮಕ್ಕಳು ನನಗೇ ಗೊತ್ತು.

ಈಗ ನನ್ನ ಹೊಟ್ಟೆಯೊಳಗಿನ ಮಾತು. ನಮ್ಮ ಶಾಲೆಗಳು ತಯಾರಾದದ್ದು ಬಳ್ಳಾರಿ ಅಣ್ಣನಂಥವರಿಗೆ. ಪೋಲಿಯೊ ಆದ ಹುಡುಗ. ಪಾಠ ಎಲ್ಲರ ಹಾಗೆ ತಲೆಗೆ ಹತ್ತುತ್ತದೆ, ಮೆಟ್ಟಿಲು ಮಾತ್ರ ಹತ್ತಲು ಆಗುವುದಿಲ್ಲ. ಅದಕ್ಕೆ ರ‍್ಯಾಂಪ್ ಕಟ್ಟಿದರು. ಕಟ್ಟುವಷ್ಟರಲ್ಲಿ ಪೋಲಿಯೊ ಹೋಯಿತು. 1995ರಲ್ಲಿ ಪಲ್ಸ್ ಪೋಲಿಯೊ ಶುರು, 2011ರ ಜನವರಿಯಲ್ಲಿ ದೇಶದ ಕೊನೆಯ ಪ್ರಕರಣ. ಈಗ ನನ್ನ ಪಟ್ಟಿಯಲ್ಲಿ ಪೋಲಿಯೊ ಮಗು ಒಂದೂ ಇಲ್ಲ. ಇರುವುದೆಲ್ಲ ಸೆರೆಬ್ರಲ್ ಪಾಲ್ಸಿ, ಬುದ್ಧಿಯ ಬೆಳವಣಿಗೆ ನಿಧಾನ ಇರುವವರು, ಆಟಿಸಂ. ಇವರಿಗೆ ರ‍್ಯಾಂಪ್ ಸಾಲದು, ಕಲಿಸುವ ರೀತಿಯೇ ಬೇರೆ ಬೇಕು. ಆದರೆ ಮೇಲಿನಿಂದ ಬಂದವರು ಇವತ್ತಿಗೂ ಮೊದಲು ಕೇಳುವ ಪ್ರಶ್ನೆ, "ರ‍್ಯಾಂಪ್ ಇದೆಯಾ?"

ಆ ರ‍್ಯಾಂಪ್‌ಗಳ ಕಥೆ ಇನ್ನೊಂದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ನಾನು ನೋಡಿದ ಕೆಲವು ಜಾರುಬಂಡಿ ಹಾಗಿವೆ. ಮಕ್ಕಳು ಜಾರಿ ಆಡುತ್ತಾರೆ, ಹೆಡ್‌ಮೇಷ್ಟ್ರು ಅದರ ಮೇಲೆ ಬೈಕ್ ಹತ್ತಿಸುತ್ತಾರೆ.

ಬಿಸಿಲೂರಿನವ, ಬಳ್ಳಾರಿ

ಬೈಕ್ ಹತ್ತಿದರೆ ಪುಣ್ಯ. ನಮ್ಮ ಓಣಿ ಶಾಲೆಯ ರ‍್ಯಾಂಪ್ ಮೇಲೆ ಹುಣಸೆಹಣ್ಣು ಒಣಗಿಸುತ್ತಾರೆ.

ಕೈಮಾತು, ಬಳ್ಳಾರಿ

ನಾನು ಹುಟ್ಟು ಕಿವುಡ. ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ. ನನ್ನ ಕನ್ನಡ ತಪ್ಪಿದ್ದರೆ ಕ್ಷಮಿಸಿ, ಅಕ್ಕನ ಮಗಳು ತಿದ್ದಿ ಕೊಟ್ಟಿದ್ದಾಳೆ.

ಎಲ್ಲರೂ 'ಜೊತೆಗೆ ಕೂರಿಸಿ' ಅನ್ನುತ್ತೀರಿ. ನಾನು ಐದು ವರ್ಷ ಜೊತೆಗೆ ಕೂತಿದ್ದೇನೆ. ಊರ ಶಾಲೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಾತಾಡುತ್ತಿದ್ದರು, ತುಟಿ ಕಾಣುತ್ತಿರಲಿಲ್ಲ. ಪಕ್ಕದವನ ನೋಟ್ಸ್ ನೋಡಿ ಬರೆಯುತ್ತಿದ್ದೆ. ಅಕ್ಷರ ದುಂಡಗೆ. ಎಲ್ಲರೂ ಜಾಣ ಅಂದರು. ಬರೆದದ್ದರಲ್ಲಿ ಒಂದು ಪದಕ್ಕೂ ಅರ್ಥ ಗೊತ್ತಿರಲಿಲ್ಲ. ನನಗೆ ಹೆಸರು ಅಂತ ಒಂದಿದೆ ಅಂತ ತಿಳಿದದ್ದೇ ಹನ್ನೊಂದನೇ ವಯಸ್ಸಿಗೆ, ಕಿವುಡ ಮಕ್ಕಳ ಶಾಲೆಗೆ ಹೋದ ಮೇಲೆ. ಅಲ್ಲಿ ಹಾಸ್ಟೆಲಿನಲ್ಲಿ ದೊಡ್ಡ ಹುಡುಗರು ಕೈಮಾತು ಕಲಿಸಿದರು. ಒಂದು ತಿಂಗಳಲ್ಲಿ ಹತ್ತು ವರ್ಷದ ಮಾತು ಆಡಿದೆ.

1880ರಲ್ಲಿ ಇಟಲಿಯ ಮಿಲಾನ್ ಊರಲ್ಲಿ ಶಿಕ್ಷಕರ ಸಭೆ ಆಯಿತು. ಕಿವುಡರಿಗೆ ಬಾಯಿಮಾತೇ ಕಲಿಸಬೇಕು, ಸನ್ನೆ ಬೇಡ ಅಂತ ತೀರ್ಮಾನ ಮಾಡಿದರು. ತೀರ್ಮಾನ ಮಾಡಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಅದರ ಏಟು ಭಾರತದ ಶಾಲೆಗಳಿಗೂ ಬಿತ್ತು, ನೂರು ವರ್ಷ ದಾಟಿದರೂ ಹೋಗಲಿಲ್ಲ. ಭಾರತೀಯ ಸನ್ನೆ ಭಾಷೆಗೆ ಅಂತ ದೆಹಲಿಯಲ್ಲಿ ಸರ್ಕಾರದ ಸಂಸ್ಥೆ ಆದದ್ದು 2015ರಲ್ಲಿ. 2018ರಲ್ಲಿ ನಿಘಂಟು, 2021ರ ಹೊತ್ತಿಗೆ ಅದರಲ್ಲಿ 10,000 ಪದ. ಇಷ್ಟು ತಡ.

ರಾಜ್ಯ ಸರ್ಕಾರ ನಡೆಸುವ ಕಿವುಡ ಮಕ್ಕಳ ಶಾಲೆ ಇರುವುದು ಮೈಸೂರು, ಬೆಳಗಾವಿ, ಕಲಬುರಗಿ, ನಮ್ಮ ಬಳ್ಳಾರಿ. ಎಲ್ಲ ಮಕ್ಕಳೂ ಊರ ಶಾಲೆಗೇ ಹೋಗಲಿ ಅಂತ ಇವನ್ನು ಮುಚ್ಚಿದರೆ ಕಿವುಡ ಮಗು ಊರಲ್ಲಿ ಒಂಟಿ. 46 ಮಕ್ಕಳ ನಡುವೆ ಒಂಟಿ. ನಿಮ್ಮ ಮಗನಿಗೆ ಭಾಷೆ ಇದೆ ಅಕ್ಕ, ಅವನು ಎಲ್ಲಿದ್ದರೂ ಕಲಿಯುತ್ತಾನೆ. ನನಗೆ ಮೊದಲು ಭಾಷೆ ಬೇಕಿತ್ತು.

ಊರೂರು ತಿರುಗುವ ಟೀಚರ್, ಕುಷ್ಟಗಿ ಕಡೆ

ಅಣ್ಣ, ಇದನ್ನು ನಮ್ಮ ತರಬೇತಿಯಲ್ಲಿ ಓದಿ ಹೇಳಬಹುದಾ? ಹೆಸರು ಹೇಳುವುದಿಲ್ಲ. ನನ್ನ ಪಟ್ಟಿಯಲ್ಲೂ ದುಂಡು ಅಕ್ಷರದ ಒಬ್ಬ ಹುಡುಗಿ ಇದ್ದಾಳೆ. ಅವಳಿಗೆ ತೊಂದರೆ ಇಲ್ಲ ಅಂತ ನಾನೇ ವರದಿ ಬರೆದಿದ್ದೆ.

ಕೈಮಾತು, ಬಳ್ಳಾರಿ

ಓದಿ ಹೇಳಿ. ಆ ಹುಡುಗಿಗೆ ಅರ್ಥ ಕೇಳಿ ನೋಡಿ. ಓದಲು ಕೊಟ್ಟು ನೋಡಬೇಡಿ, ಚಿತ್ರ ಬರೆಯಲು ಹೇಳಿ.

ಸುಮ್ನೆ ಕೇಳ್ತೀನಿ, ರಾಯಚೂರು

ಕೈಮಾತು ಅವರು ನನ್ನ ಕಡೆ ವಾದಿಸುತ್ತಿದ್ದಾರೆ ಅಂದುಕೊಂಡೆ. ಕೊನೆಗೆ ನೋಡಿದರೆ ನನಗೇ ಬೈದಂತಿದೆ. ಬೋರ್ಡಿನ ಕಡೆ ತಿರುಗಿ ಮಾತಾಡುವ ಅಭ್ಯಾಸ ನನಗೂ ಇದೆ.

ಒಂದು ಒಪ್ಪಿಕೊಳ್ಳುತ್ತೇನೆ. ಒಂದರಿಂದ ಮೂರರ ತನಕ ನಲಿಕಲಿ ತೆಗೆದುಕೊಳ್ಳುತ್ತಿದ್ದಾಗ ನನಗೆ ಇಷ್ಟು ಕಷ್ಟ ಆಗಿರಲಿಲ್ಲ. ಅಲ್ಲಿ ಎಲ್ಲರಿಗೂ ಒಂದೇ ಪಾಠ ಇಲ್ಲ. ಗುಂಪು, ಕಾರ್ಡು, ಮೆಟ್ಟಿಲು. ಯಾರು ಎಲ್ಲಿದ್ದಾರೋ ಅಲ್ಲಿಂದ ಮುಂದೆ. ನಿಧಾನ ಕಲಿಯುವ ಒಬ್ಬಳು ಎರಡು ವರ್ಷ ಅದೇ ಕಾರ್ಡುಗಳಲ್ಲಿ ಇದ್ದಳು, ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಅವಳು 'ವಿಶೇಷ ಮಗು' ಆದಳು. ಹುಡುಗಿ ಅವಳೇ.

ನಿವೃತ್ತ ಮಾಸ್ತರ್, ಮಾನ್ವಿ

ಇದನ್ನು ನೀವು ಮೊದಲೇ ಹೇಳಬೇಕಿತ್ತು ಮಾಸ್ತರ್. ನಲಿಕಲಿ 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗ ಇಂಥ ಮಕ್ಕಳ ಮಾತು ಯಾರ ತಲೆಯಲ್ಲೂ ಜಾಸ್ತಿ ಇದ್ದಿರಲಿಕ್ಕಿಲ್ಲ. ಒಬ್ಬರೇ ಶಿಕ್ಷಕರು ಹಲವು ತರಗತಿ ನೋಡುವ ನಮ್ಮಂಥ ಶಾಲೆಗಳ ಕಷ್ಟಕ್ಕೆ ಮಾಡಿದ್ದು. ಆದರೆ ಕಣ್ಣು ಕಾಣದ ನನ್ನ ಹುಡುಗ ಓದಿದ್ದೂ ನಾಲ್ಕು ತರಗತಿ ಒಂದೇ ಕೋಣೆಯಲ್ಲಿದ್ದಾಗಲೇ.

ಲಾ ಓದಿದವಳು, ಸಿಂಧನೂರು

ಗಂಗಾವತಿ ಅಕ್ಕಾ, ಇವರ ಮಾತು ಮುಗಿಯುವುದಿಲ್ಲ. ನಿಮ್ಮ ಕೆಲಸ ಎಲ್ಲಿಗೆ ಬಂತು? ಯು.ಡಿ.ಐ.ಡಿ. ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಇದೆಯಾ? ಇಲ್ಲದಿದ್ದರೆ ನಿಮ್ಮ ವಾರ್ಡಿನ ಅಂಗನವಾಡಿಯವರನ್ನೋ ನಗರಸಭೆಯ ಪುನರ್ವಸತಿ ಕಾರ್ಯಕರ್ತರನ್ನೋ ಕೇಳಿ. ಹಳ್ಳಿಯಾದರೆ ಪಂಚಾಯಿತಿಗೊಬ್ಬರು ಅಂಥ ಕಾರ್ಯಕರ್ತರು, ವಿ.ಆರ್.ಡಬ್ಲ್ಯೂ. ಅಂತ ಇರುತ್ತಾರೆ. ಕಾರ್ಡ್ ಬರುವ ತನಕ ಶಾಲೆಗೆ ಸೇರಿಸಲು ಕಾಯಬೇಡಿ.

ಗಂಗಾವತಿಯ ಅಮ್ಮ

ಎಲ್ಲರೂ ಕ್ಷಮಿಸಬೇಕು, ಎಂಟು ದಿನ ಬರಲು ಆಗಲಿಲ್ಲ.

ಕಾರ್ಡ್ ಇದೆ, 75 ಶೇಕಡಾ ಬರೆದಿದ್ದಾರೆ. ಮೊದಲು ಹೋದ ಶಾಲೆಗೆ ಮತ್ತೆ ಹೋಗಲಿಲ್ಲ. ಮನಸ್ಸು ಒಪ್ಪಲಿಲ್ಲ. ಇನ್ನೂ ಸ್ವಲ್ಪ ದೂರದ ಸರ್ಕಾರಿ ಕನ್ನಡ ಶಾಲೆಗೆ ಹೋದೆ. 31ನೇ ಕಲಂ ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೆ, ತೆಗೆಯುವ ಪ್ರಸಂಗ ಬರಲಿಲ್ಲ. ಅಲ್ಲಿಯ ಒಂದನೇ ತರಗತಿ ಅಕ್ಕೋರು ಮಗನನ್ನೇ ಕೇಳಿದರು, "ಏನಪ್ಪಾ, ಬರ್ತೀಯಾ?" ಅವನು ಏನೋ ಹೇಳಿದ, ಅವರಿಗೆ ತಿಳಿಯಲಿಲ್ಲ. ನಾನು ಹೇಳಲು ಹೋದೆ. "ನೀವು ಸುಮ್ನಿರಿ" ಅಂದು ಇನ್ನೊಂದು ಸಲ ಅವನನ್ನೇ ಕೇಳಿದರು. ಮೂರನೇ ಸಲಕ್ಕೆ ತಿಳಿಯಿತು. "ಊಟಕ್ಕೆ ಏನು" ಅಂತ ಕೇಳುತ್ತಿದ್ದ.

ಮೂರು ದಿನ ಆಯಿತು ಹೋಗಿ. ಗೋಡೆಗೆ ಒರಗಿಸಿ ಚಾಪೆ ಮೇಲೆ ಕೂರಿಸುತ್ತಾರೆ, ಅರ್ಧ ತಾಸಿಗೆ ಜಾರಿಬಿಡುತ್ತಾನೆ. ಶೌಚಾಲಯಕ್ಕೆ ಎರಡು ಮೆಟ್ಟಿಲು, ಬಾಗಿಲು ಸಣ್ಣದು. ಸದ್ಯ ಹನ್ನೊಂದೂವರೆಗೆ ನಾನೇ ಹೋಗಿ ಬರುತ್ತೇನೆ. ಶಾಲಾಭಿವೃದ್ಧಿ ಸಮಿತಿ (ಎಸ್.ಡಿ.ಎಂ.ಸಿ.) ಸಭೆಯಲ್ಲಿ ಕೇಳುತ್ತೇವೆ ಅಂದಿದ್ದಾರೆ. ಮಗಳಿಗೆ ಹೇಳಿದ್ದೇನೆ, ತಮ್ಮನ ಕೋಣೆಗೆ ಇಣುಕಬೇಡ, ನಿನ್ನ ಪಾಠ ನೀನು ಕೇಳು ಅಂತ. ಬಳ್ಳಾರಿ ಅಣ್ಣ, ನಿಮ್ಮ ಅಣ್ಣನಿಗೆ ನನ್ನ ನಮಸ್ಕಾರ ಹೇಳಿ.

ಕುಷ್ಟಗಿ ಟೀಚರ್, ಕೂರುವುದಕ್ಕೆ ಏನು ಮಾಡಲಿ?

ಊರೂರು ತಿರುಗುವ ಟೀಚರ್, ಕುಷ್ಟಗಿ ಕಡೆ

ನಿಮ್ಮ ತಾಲೂಕಿನ ಬಿ.ಆರ್.ಸಿ.ಯಲ್ಲಿ ಸಲಕರಣೆಗೆ ಅಳತೆ ತೆಗೆಯುವ ಶಿಬಿರ ಯಾವಾಗ ಅಂತ ಕೇಳಿ, ಅಲ್ಲಿ ಸೆರೆಬ್ರಲ್ ಪಾಲ್ಸಿ ಮಕ್ಕಳ ಕುರ್ಚಿ ಸಿಗಬಹುದು. ಅದು ಬರುವ ತನಕ ಬಡಿಗೇರರ ಹತ್ತಿರ ಮಾಡಿಸಿ. ಬೆನ್ನಿಗೆ ನೇರ ಹಲಗೆ, ಎರಡೂ ಪಕ್ಕ ಆಸರೆ. ಸೊಂಟ, ಮೊಣಕಾಲು ಎರಡೂ ನೇರ ಮೂಲೆಯ ಹಾಗೆ ಮಡಚಿರಬೇಕು. ಪಾದ ತೂಗಾಡಬಾರದು, ಕೆಳಗೆ ಪೂರ್ತಿ ಊರಬೇಕು. ಕಾಲು ಕತ್ತರಿ ಹಾಕುತ್ತಾನಾ? ಹಾಕಿದರೆ ತೊಡೆಗಳ ನಡುವೆ ಸಣ್ಣ ಮರದ ಗುಂಡು, ಮೇಲೆ ಬಟ್ಟೆ ಸುತ್ತಿ. ಮುಂದೆ ತೆಗೆದು ಹಾಕುವ ಹಲಗೆ, ಅದರ ಮೇಲೆ ಕಾರ್ಡು ಇಟ್ಟುಕೊಳ್ಳಲಿ. ಎತ್ತರ ಜಾಸ್ತಿ ಬೇಡ, ಉಳಿದ ಮಕ್ಕಳು ಕೆಳಗೆ ಕೂತಿರುತ್ತಾರೆ, ಅವರ ಮುಖ ಕಾಣಬೇಕು.

ಗಂಗಾವತಿಯ ಅಮ್ಮ

ಬಡಿಗೇರರ ಹತ್ತಿರ ಹೋಗಿದ್ದೆ. ಸೊಂಟದ ಹಿಂಭಾಗದಿಂದ ಮೊಣಕಾಲಿನ ಹಿಂದಿನ ತನಕ ಅಳೆದರೆ 12 ಇಂಚು ಬಂತು. ಕೂರುವ ಹಲಗೆಯನ್ನೂ 12 ಇಂಚಿಗೇ ಕೊಯ್ಯಲಾ ಅಂತ ಕೇಳುತ್ತಿದ್ದಾರೆ. ಅಂಗಡಿಯಲ್ಲೇ ನಿಂತಿದ್ದೇನೆ.

ಊರೂರು ತಿರುಗುವ ಟೀಚರ್, ಕುಷ್ಟಗಿ ಕಡೆ

ಬೇಡ, 11ಕ್ಕೆ ಕೊಯ್ಯಲು ಹೇಳಿ. ಮೊಣಕಾಲಿನ ಹಿಂದೆ ಎರಡು ಬೆರಳು ಹಿಡಿಸುವಷ್ಟು ಜಾಗ ಇರಲಿ.